ಸ್ಪ್ಯಾನಿಷ್ ಕಲಿಯಲು ಸಲಮಾಂಕಾಕ್ಕೆ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಮೇ ರಜೆಯಲ್ಲಿ 8 ಮತ್ತು 9ನೇ ತರಗತಿ ಮುಗಿಸಿದ ಮಕ್ಕಳನ್ನು ಎರಡು ವಾರ ಸ್ಪೇನ್‌ನ ಸಲಮಾಂಕಾ ಊರಿಗೆ ಕರೆದುಕೊಂಡು ಹೋಗುತ್ತೇವೆ. 18 ಮಕ್ಕಳು, ಮೂವರು ಶಿಕ್ಷಕರು. ಪ್ರತಿ ಸಲ ಪೋಷಕರ ಸಭೆ ಮುಗಿದ ಮೇಲೆ ನನ್ನ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ವಾಟ್ಸಾಪ್‌ನಲ್ಲಿ ಅರ್ಧಂಬರ್ಧ ಉತ್ತರ ಕೊಡುವ ಬದಲು ಇಲ್ಲಿ ಬಿಡಿಸಿ ಬರೆದಿದ್ದೇನೆ. ಎಲ್ಲವನ್ನೂ ಓದುವ ಪುರಸೊತ್ತು ಇಲ್ಲದಿದ್ದರೆ ಊಟದ್ದು ಮತ್ತು ಪಾಸ್‌ಪೋರ್ಟಿನ ಹೆಸರಿನದ್ದು, ಈ ಎರಡನ್ನು ಮಾತ್ರ ಬಿಡಬೇಡಿ.

ಅಷ್ಟು ದೂರ ಯಾಕೆ? ಇಲ್ಲೇ, ಆನ್‌ಲೈನ್‌ನಲ್ಲೇ ಕಲಿತರೆ ಸಾಲದಾ?

ಪಾಠ ಕಲಿಯೋಕೆ ಸಾಕು. ಮಾತು ಬರೋಕೆ ಸಾಲದು. ಕ್ಲಾಸಿನಲ್ಲಿ ಮಕ್ಕಳು ಕ್ರಿಯಾಪದದ ರೂಪಗಳನ್ನು ಮಗ್ಗಿ ಥರ ಒಪ್ಪಿಸುತ್ತಾರೆ. ಆದರೆ "ಒಂದು ಲೋಟ ನೀರು ಕೊಡಿ" ಅಂತ ಕೇಳು ಅಂದರೆ ತಡವರಿಸುತ್ತಾರೆ. ನಮ್ಮ ಊರಿನ ಎಷ್ಟೋ ಮಕ್ಕಳು ತಮಿಳು, ತೆಲುಗು, ಉರ್ದು ಕಲಿತಿದ್ದು ಹೇಗೆ? ಬೀದಿಯಲ್ಲಿ ಆಟ ಆಡುತ್ತಾ, ಪಕ್ಕದ ಮನೆಗೆ ಹೋಗಿ ಬಂದು ಮಾಡುತ್ತಾ. ಯಾರೂ ಅವರಿಗೆ ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಸ್ಪ್ಯಾನಿಷ್‌ಗೆ ಅಂಥ ಪಕ್ಕದ ಮನೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಆ ಪಕ್ಕದ ಮನೆ ಹುಡುಕಿಕೊಂಡೇ ನಾವು ಹೋಗುವುದು.

ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟು ಸಲಮಾಂಕಾ ಯಾಕೆ?

ಬಾರ್ಸಿಲೋನಾ ಚಂದದ ಊರು. ಆದರೆ ಅಲ್ಲಿ ಬೋರ್ಡುಗಳ ಮೇಲೆ, ಶಾಲೆಗಳಲ್ಲಿ, ಮನೆಗಳಲ್ಲಿ ಕ್ಯಾಟಲಾನ್ ಭಾಷೆಯೂ ಇರುತ್ತದೆ. ಕನ್ನಡ ಕಲಿಯೋಕೆ ಅಂತ ಬಂದವರನ್ನು ಸೀದಾ ಮಂಗಳೂರಿಗೆ ಕರೆದುಕೊಂಡು ಹೋದರೆ ತುಳು, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೇ ಕಿವಿಗೆ ಬೀಳುತ್ತವಲ್ವಾ, ಹಾಗೆ. ಆ ಭಾಷೆಗಳ ಮೇಲೆ ನನಗೆ ತುಂಬಾ ಗೌರವ ಇದೆ. ಮೊದಲ ಸಲ ಹೋಗುವ ಮಕ್ಕಳಿಗೆ ಒಂದೇ ಭಾಷೆ ಕೇಳಿಸಲಿ ಅನ್ನುವುದಷ್ಟೇ ನನ್ನ ಆಸೆ. ಮ್ಯಾಡ್ರಿಡ್ ತುಂಬಾ ದೊಡ್ಡದು, ಮಕ್ಕಳನ್ನು ಮೆಟ್ರೋದಲ್ಲಿ ಎಣಿಸುವುದರಲ್ಲೇ ನಮ್ಮ ಅರ್ಧ ದಿನ ಹೋಗುತ್ತದೆ.

ಸಲಮಾಂಕಾ ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ದಾರಿ. ನಡೆದೇ ಸುತ್ತಬಹುದಾದ ಊರು. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿದ್ದು 1218ರಲ್ಲಿ, ಇವತ್ತಿಗೂ ನಡೆಯುತ್ತಿದೆ. ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವನ್ನು ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಅಚ್ಚು ಹಾಕಿಸಿದ್ದು ಇದೇ ಊರಿನಲ್ಲಿ. ಅಲ್ಲಿನ ಟೀಚರ್‌ಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆಗ ನಮ್ಮ ಮಕ್ಕಳೂ ಒಂದು ಮಾತು ಹೇಳಬೇಕು ಅಂತ ನಾನು ಹೋಗುವ ಮೊದಲೇ ಕಲಿಸಿರುತ್ತೇನೆ: ನಮ್ಮ ಕೇಶಿರಾಜ ಅದಕ್ಕೂ 200 ವರ್ಷಕ್ಕಿಂತ ಹಿಂದೆ, 13ನೇ ಶತಮಾನದಲ್ಲೇ, ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ ಬರೆದಿದ್ದ. ಇದನ್ನು ತೊದಲುತ್ತಾ ಸ್ಪ್ಯಾನಿಷ್‌ನಲ್ಲಿ ಹೇಳಿ ಮುಗಿಸಿದ ಮಗುವಿನ ಮುಖ ನೋಡಬೇಕು ನೀವು.

ಮಕ್ಕಳಿಗೆ ಊರು ಇಷ್ಟ ಆಗೋದು ಬೇರೆ ಕಾರಣಕ್ಕೆ. ವಿಶ್ವವಿದ್ಯಾಲಯದ ಮುಂಭಾಗದ ಕಲ್ಲಿನ ಕೆತ್ತನೆಯಲ್ಲಿ ಒಂದು ತಲೆಬುರುಡೆಯ ಮೇಲೆ ಕಪ್ಪೆ ಕೂತಿದೆ. ಅದನ್ನು ಯಾರ ಸಹಾಯವೂ ಇಲ್ಲದೆ ಹುಡುಕಿದರೆ ಓದು ಒಲಿಯುತ್ತದೆ ಅನ್ನುವ ನಂಬಿಕೆ ಇದೆ. ಹೊಸ ಕೆಥೆಡ್ರಲ್‌ನ ಬಾಗಿಲಿನ ಕೆತ್ತನೆಯಲ್ಲಿ ಒಬ್ಬ ಗಗನಯಾತ್ರಿಯೂ ಇದ್ದಾನೆ. 1992ರಲ್ಲಿ ರಿಪೇರಿ ಮಾಡಿದಾಗ ಕೆತ್ತಿ ಸೇರಿಸಿದ್ದು. ಮೊದಲ ದಿನವೇ ಎಲ್ಲರೂ ಕತ್ತು ಎತ್ತಿಕೊಂಡು ಇವೆರಡನ್ನು ಹುಡುಕುತ್ತಾ ನಿಂತಿರುತ್ತಾರೆ.

ಎರಡು ವಾರದಲ್ಲಿ ಎಷ್ಟು ತಾನೇ ಕಲಿಯುತ್ತಾರೆ?

ನಿಜ ಹೇಳಿಬಿಡುತ್ತೇನೆ. ಹೋಗಿ ಬಂದ ಕೂಡಲೇ ಪಟಪಟ ಮಾತಾಡುವುದಿಲ್ಲ. ಯಾರಾದರೂ ಹಾಗೆ ಮಾತು ಕೊಟ್ಟರೆ ನಂಬಬೇಡಿ. ವಾರಕ್ಕೆ 20 ಪಾಠದ ಹಾಗೆ ಒಟ್ಟು 40 ಪಾಠ ಆಗುತ್ತವೆ. ಬೆಳಗ್ಗೆ ಕ್ಲಾಸು, ಸಂಜೆ ಊರು ಸುತ್ತಾಟ ಮತ್ತು ಕೊಟ್ಟ ಕೆಲಸ: ಅಂಚೆ ಕಚೇರಿಗೆ ಹೋಗಿ ಸ್ಟ್ಯಾಂಪ್ ಕೊಳ್ಳುವುದು, ಮಾರ್ಕೆಟ್‌ನಲ್ಲಿ ಕಾಲು ಕೆ.ಜಿ. ಚೆರ್ರಿ ಕೇಳುವುದು, ದಾರಿ ವಿಚಾರಿಸುವುದು.

ಆಗುವ ಬದಲಾವಣೆ ಎರಡು. ಒಂದು, ಕಿವಿ ತೆರೆದುಕೊಳ್ಳುತ್ತದೆ. ಮೊದಲ ನಾಲ್ಕು ದಿನ ಎಲ್ಲವೂ ಒಂದೇ ಉದ್ದದ ಶಬ್ದವಾಗಿ ಕೇಳಿಸಿದ್ದು ಆಮೇಲೆ ಪದ ಪದವಾಗಿ ಬಿಡಿಸಿಕೊಳ್ಳುತ್ತದೆ. ಎರಡು, ತಪ್ಪು ಮಾತಾಡುವ ಭಯ ಹೋಗುತ್ತದೆ. ನನಗೆ ಇದೇ ಮುಖ್ಯ. ವ್ಯಾಕರಣವನ್ನು ಜೂನ್‌ನಲ್ಲಿ ನಾನು ತಿದ್ದಿಕೊಳ್ಳುತ್ತೇನೆ.

ನಮ್ಮ ಮಗ ಮನೆಯಲ್ಲಿ ಬರೀ ಕನ್ನಡ. ಇಂಗ್ಲಿಷ್ ಅಷ್ಟಕ್ಕಷ್ಟೇ. ಅವನಿಗೆ ಕಷ್ಟ ಆಗುತ್ತಾ?

ಇಲ್ಲ. ಈ ಪ್ರಶ್ನೆಗಾಗಿಯೇ ನಾನು ಈ ಪುಟ ಬರೆಯೋಕೆ ಕೂತಿದ್ದು ಅಂದರೂ ಸರಿ. ಇಷ್ಟು ವರ್ಷ ಕಲಿಸಿದ ಮೇಲೆ ನನಗೆ ಖಾತ್ರಿಯಾದ ವಿಷಯ ಇದು: ಸ್ಪ್ಯಾನಿಷ್‌ಗೆ ಇಂಗ್ಲಿಷ್ ದಾರಿಗಿಂತ ಕನ್ನಡದ ದಾರಿ ಎಷ್ಟೋ ಕಡೆ ಹತ್ತಿರ.

"ಮೆ ಗುಸ್ತಾ ಎಲ್ ಕಫೆ." ಇಂಗ್ಲಿಷ್‌ನಿಂದ ಬರುವ ಮಕ್ಕಳು ಇಲ್ಲಿ ವಾರಗಟ್ಟಲೆ ಒದ್ದಾಡುತ್ತಾರೆ. ನಮ್ಮವರಿಗೆ ಒಂದು ನಿಮಿಷ ಸಾಕು. "ಮೆ" ಅಂದರೆ ನನಗೆ. ನನಗೆ ಕಾಫಿ ಇಷ್ಟ. ಅಷ್ಟೇ! "ಮೆ ದುವೆಲೆ ಲಾ ತ್ರಿಪಾ", ನನಗೆ ಹೊಟ್ಟೆ ನೋಯುತ್ತಿದೆ. ಅದೇ ಕಟ್ಟು. ಇನ್ನು "ನಾನು", "ನಾವು" ಅಂತ ಪ್ರತಿ ಸಲ ಹೇಳಬೇಕಿಲ್ಲ. ತಿನ್ನುತ್ತೇನೆ, ತಿನ್ನುತ್ತೇವೆ ಅಂದರೆ ಯಾರು ಅಂತ ಗೊತ್ತಾಗುತ್ತದಲ್ಲ. ಅಲ್ಲೂ ಹಾಗೇ. ಕೊಮೊ, ಕೊಮೆಮೊಸ್. ಪದದ ಬಾಲದಲ್ಲೇ ಆಳು ಇರುತ್ತಾನೆ. ನೀನು, ನೀವು ಇದ್ದ ಹಾಗೆ ಅಲ್ಲಿ ತು, ಉಸ್ತೆದ್.

ಉಚ್ಚಾರದಲ್ಲೂ ಹಾಗೇ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ. ಇಂಗ್ಲಿಷ್‌ನ ಟ, ಡ ಅಲ್ಲ. ಟೊಮೇಟೊ ಅನ್ನಬೇಡಿ, ತೊಮಾತೆ ಅನ್ನಿ. ನಾವು ಬರೆಯುವಾಗ ಮೂಲೆಗೆ ತಳ್ಳಿಬಿಟ್ಟಿರುವ ಞ ಅಲ್ಲಿ ದಿನಬಳಕೆಯ ಅಕ್ಷರ: ಸೆಞೋರಾ, ಮಞಾನಾ. "ಪೆರೊ" ಅಂದರೆ ಆದರೆ, "ಪೆರ್ರೊ" ಅಂದರೆ ನಾಯಿ. "ಕರ್ರಗೆ" ಅನ್ನೋಕೆ ಬರುವ ಮಗುವಿಗೆ ಪೆರ್ರೊ ಬಂದೇ ಬರುತ್ತದೆ.

ಇನ್ನೊಂದು ಸಂತೋಷದ ವಿಷಯ. ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆಗೆ ಬಂದ ಪದಗಳಿಗೆ ಸ್ಪ್ಯಾನಿಷ್‌ನಲ್ಲಿ ಒಡಹುಟ್ಟಿದವು ಇವೆ. ಮನೆ ಕಟ್ಟುವ ಮೇಸ್ತ್ರಿಗೂ ಅಲ್ಲಿನ ಶಾಲೆಯ ಮಾಎಸ್ತ್ರೊಗೂ ಮೂಲ ಒಂದೇ. ಬಟ್ಟೆ ಇಡುವ ಅಲಮಾರು ಅಲ್ಲಿ ಅರ್ಮಾರಿಯೊ. ಹುಬ್ಬಳ್ಳಿ ಕಡೆಯವರು ಹೇಳುವ ಪಗಾರ ಇದೆಯಲ್ಲ, ಅಲ್ಲಿ ಪಗಾರ್ ಅಂದರೆ ದುಡ್ಡು ಕೊಡುವುದು.

ಕಷ್ಟ ಇರೋದು ಬೇರೆ ಕಡೆ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ನಮಗೆ ಎರಡೂ "ಅದು". ಇದಕ್ಕೆ ಅಡ್ಡದಾರಿ ಇಲ್ಲ, ಪದದ ಜೊತೆಗೇ ಕಲಿಯಬೇಕು. ನಮ್ಮ "ಇರು" ಒಂದಕ್ಕೆ ಅಲ್ಲಿ ಸೆರ್, ಎಸ್ತಾರ್ ಅಂತ ಎರಡಿವೆ. ಅದೂ ಸ್ವಲ್ಪ ಕಾಡುತ್ತದೆ.

ಹಾಗಾಗಿ ಮನೆಯಲ್ಲಿ ಕನ್ನಡ ಮಾತಾಡಿ. ಧೈರ್ಯವಾಗಿ ಮಾತಾಡಿ. ಸ್ಪ್ಯಾನಿಷ್‌ಗೋಸ್ಕರ ಮನೆಯ ಭಾಷೆಯನ್ನು ಇಂಗ್ಲಿಷ್‌ಗೆ ಬದಲಾಯಿಸಿದ್ದೇವೆ ಅಂತ ಒಬ್ಬ ತಾಯಿ ಹೇಳಿದಾಗ ನನಗೆ ತುಂಬಾ ನೋವಾಯಿತು.

ಸ್ಪೇನ್‌ನ ಸ್ಪ್ಯಾನಿಷ್ ಬೇರೆ, ಮೆಕ್ಸಿಕೊದ್ದು ಬೇರೆ ಅಂತಾರಲ್ಲ?

ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವಷ್ಟೇ. ಇಪ್ಪತ್ತು ದೇಶಗಳಲ್ಲಿ ಅದು ಅಧಿಕೃತ ಭಾಷೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗುತ್ತದೆ.

ಹೋಟೆಲ್ ಬಿಟ್ಟು ಯಾರದೋ ಮನೆಯಲ್ಲಿ ಇಡುವುದು ಸುರಕ್ಷಿತವಾ?

ನನ್ನ ಮಗಳಾಗಿದ್ದರೂ ನಾನು ಇದೇ ಕೇಳುತ್ತಿದ್ದೆ. ಮನೆಗಳನ್ನು ಗೊತ್ತು ಮಾಡುವುದು ಅಲ್ಲಿನ ಭಾಷಾ ಶಾಲೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್ ಮಾನ್ಯತೆ ಕೊಟ್ಟ ಶಾಲೆಗಳನ್ನು ಮಾತ್ರ ನಾವು ಆರಿಸುತ್ತೇವೆ. ಸ್ಪೇನ್‌ನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಲೈಂಗಿಕ ಅಪರಾಧದ ದಾಖಲೆ ತಮ್ಮ ಮೇಲೆ ಇಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಕೊಡಬೇಕು ಅಂತ ಕಾನೂನಿದೆ. ಅದೇ ಪತ್ರವನ್ನು ಮನೆಯಲ್ಲಿರುವ ಪ್ರತಿಯೊಬ್ಬ ದೊಡ್ಡವರಿಂದಲೂ ನಾವು ಕೇಳಿ ಪಡೆಯುತ್ತೇವೆ. ಒಂದು ಮನೆಗೆ ಇಬ್ಬರು ಮಕ್ಕಳು. ಎಲ್ಲ ಮನೆಗಳೂ ಶಾಲೆಗೆ ನಡೆದುಹೋಗುವ ದೂರದಲ್ಲಿರುತ್ತವೆ. ನಾವು ಮೂವರು ಶಿಕ್ಷಕರು ಮೊದಲ ಎರಡು ದಿನದಲ್ಲೇ ಪ್ರತಿ ಮನೆಗೂ ಹೋಗಿ ಬರುತ್ತೇವೆ. ಮಗುವಿಗೆ ಹಿಡಿಸದಿದ್ದರೆ ಕಾರಣ ಕೇಳುತ್ತಾ ಕೂರುವುದಿಲ್ಲ, ಅವತ್ತೇ ಮನೆ ಬದಲಾಯಿಸುತ್ತೇವೆ.

ಜೀವದ ಗೆಳೆಯರನ್ನು ಒಂದೇ ಮನೆಗೆ ಹಾಕುವುದಿಲ್ಲ. ದಯವಿಟ್ಟು ಇದಕ್ಕೆ ಒತ್ತಾಯ ಮಾಡಬೇಡಿ. ಇಬ್ಬರೂ ಕೋಣೆ ಬಾಗಿಲು ಹಾಕಿಕೊಂಡು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಅಷ್ಟು ದೂರ ಹೋಗಿದ್ದು ದಂಡ.

ಮಕ್ಕಳಿಗೆ ಒಂದು ವಿಷಯ ಮೊದಲೇ ಹೇಳಿಕೊಡಿ. ಅಲ್ಲಿ ಟೀಚರನ್ನೂ ಮನೆಯ ಅಜ್ಜಿಯನ್ನೂ ಹೆಸರು ಹಿಡಿದು "ತು" ಅಂತಲೇ ಕರೆಯುತ್ತಾರೆ. ನಮ್ಮ ಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ಅದು ಒಳ್ಳೆಯ ಸಂಕೋಚವೇ. ಮೊದಲ ದಿನ ಉಸ್ತೆದ್ ಅನ್ನಲಿ, ಅವರೇ ಬೇಡ ಅಂದ ಮೇಲೆ ತು ಅನ್ನಲಿ.

ನಾವು ಶುದ್ಧ ಸಸ್ಯಾಹಾರಿಗಳು. ಮಗು ಹಸಿದುಕೊಂಡು ಇರಬೇಕಾ?

ಹಸಿದುಕೊಂಡು ಇರುವುದಿಲ್ಲ. ಆದರೆ ಬಾಯಿ ಬಿಟ್ಟು ಕೇಳಬೇಕು, ಸರಿಯಾಗಿ ಕೇಳಬೇಕು.

"ವೆಜಿಟೇರಿಯನ್" ಅಂದರೆ ಸಾಕಾಗುವುದಿಲ್ಲ. ಅಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಮಾಂಸ ಅಂದರೆ ದೊಡ್ಡ ತುಂಡು. ಹಾಮೊನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯ ತೆಳು ಹೋಳುಗಳು, ಆ ಲೆಕ್ಕಕ್ಕೆ ಬರುವುದೇ ಇಲ್ಲ. ತರಕಾರಿ ಸಲಾಡ್ ಕೇಳಿದರೆ ಮೇಲೆ ಟ್ಯೂನಾ ಮೀನು ಉದುರಿಸಿ ತರಬಹುದು. ಪಲ್ಯದ ಥರ ಕಾಣುವ ಬೀನ್ಸ್‌ನಲ್ಲೂ ಹಾಮೊನ್ ಚೂರು ಇರಬಹುದು. ಅವರು ಮೋಸ ಮಾಡುತ್ತಿಲ್ಲ, ಅವರ ಅಡುಗೆಯೇ ಹಾಗೆ. ಅದಕ್ಕೆ ನಮ್ಮ ಮಕ್ಕಳೆಲ್ಲ ಈ ವಾಕ್ಯವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು: "ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೊನ್." ಮಾಂಸ ತಿನ್ನಲ್ಲ, ಮೀನೂ ಇಲ್ಲ, ಹಾಮೊನ್ನೂ ಇಲ್ಲ. ಮೊಟ್ಟೆ ತಿನ್ನದವರು ಕೊನೆಗೆ "ನಿ ವೆಬೊಸ್" ಸೇರಿಸಿಕೊಳ್ಳಬೇಕು. ಯಾಕೆಂದರೆ ಅಲ್ಲಿ ಸುಲಭಕ್ಕೆ ಸಿಗುವ ತೊರ್ತಿಯಾ ಅಂದರೆ ಆಲೂಗಡ್ಡೆ, ಮೊಟ್ಟೆಯ ದಪ್ಪ ಆಮ್ಲೆಟ್.

ಏನು ತಿನ್ನಬಹುದು? ಟೊಮೇಟೊ ತುರಿದು ಆಲಿವ್ ಎಣ್ಣೆ ಹಾಕಿದ ಬ್ರೆಡ್. ಗಸ್ಪಾಚೊ, ಅಂದರೆ ತಣ್ಣನೆಯ ಟೊಮೇಟೊ ಸಾರು ಅಂದುಕೊಳ್ಳಿ. ಆಲೂಗಡ್ಡೆ ಹುರಿದ ಪತಾತಾಸ್ ಬ್ರಾವಾಸ್. ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ ಚುರ್ರೊ ಮತ್ತು ಗಟ್ಟಿ ಚಾಕೊಲೇಟ್. ತರಕಾರಿ ಪಯೇಯಾ, ಅಂದರೆ ಅಲ್ಲಿನ ಅನ್ನದ ಅಡುಗೆ, ಕೇಳಿದರೆ ಯಾವ ನೀರಿನಲ್ಲಿ ಬೇಯಿಸಿದ್ದು ಅಂತಲೂ ಕೇಳಬೇಕು, ಕೋಳಿ ಸಾರಿನಲ್ಲಿ ಬೇಯಿಸುವುದುಂಟು. ಇನ್ನು ಕಾಳು. ಸಲಮಾಂಕಾದ ಪಕ್ಕದ ಲಾ ಅರ್ಮುಞಾ ಸೀಮೆಯ ಮಸೂರ ಕಾಳು ಸ್ಪೇನ್‌ಗೆಲ್ಲ ಹೆಸರುವಾಸಿ. ಆದರೆ ಮಾಮೂಲಾಗಿ ಅದಕ್ಕೆ ಚೊರಿಥೊ ಅನ್ನುವ ಹಂದಿ ಸಾಸೇಜ್ ಹಾಕಿ ಬೇಯಿಸುತ್ತಾರೆ.

ಇದನ್ನು ನೆನೆಸಿಕೊಂಡರೆ ನನಗೆ ಒಬ್ಬಳು ಹುಡುಗಿ ಕಣ್ಣ ಮುಂದೆ ಬರುತ್ತಾಳೆ. ವರ್ಷಪೂರ್ತಿ ಕ್ಲಾಸಿನಲ್ಲಿ ಕೊನೆಯ ಬೆಂಚು, ತುಟಿ ಬಿಚ್ಚಿದವಳಲ್ಲ. ಎರಡನೇ ದಿನ ಮಧ್ಯಾಹ್ನ ಅವಳಿದ್ದ ಮನೆಯ ಸೆಞೋರಾ, ಅಂದರೆ ಮನೆಯಾಕೆ, ಪಾತ್ರೆಯ ಮುಚ್ಚಳ ತೆಗೆದಾಗ ಕಾಳಿನ ಮೇಲೆ ಕೆಂಪು ಎಣ್ಣೆ, ದುಂಡಗೆ ಹೆಚ್ಚಿದ ಚೊರಿಥೊ. ಇವಳು ಎದ್ದು ನಿಂತು "ಸಿನ್ ಚೊರಿಥೊ, ಪೊರ್ ಫಾವೊರ್", ಅಂದರೆ ದಯವಿಟ್ಟು ಚೊರಿಥೊ ಇಲ್ಲದೆ ಕೊಡಿ, ಅಂದಳಂತೆ. ಮೂರನೇ ದಿನ ನಾನು ಆ ಮನೆಗೆ ಹೋದಾಗ ಒಲೆಯ ಮೇಲೆ ಎರಡು ಪಾತ್ರೆ. ಚಿಕ್ಕದು ಇವಳದ್ದು. ಬೆಳ್ಳುಳ್ಳಿ, ಬಿರಿಯಾನಿ ಎಲೆ ಹಾಕಿದ ಕಾಳು, ನೋಡೋಕೆ ನಮ್ಮ ತೊವ್ವೆ ಥರ. ಇವಳು ಬ್ಯಾಗಿನಿಂದ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡಳು. ಸೆಞೋರಾ ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. ಕೆಮ್ಮಿದರು. ಮತ್ತೆ ನೆಕ್ಕಿದರು. ಇದರಲ್ಲಿ ಏನೇನಿದೆ ಅಂತ ಕೇಳಿದರು. ಕಡಲೆಬೇಳೆಗೆ ಗರ್ಬಾನ್ಸೊ ಸಿಕ್ಕಿತು, ಹುಣಸೆಗೆ ತಮರಿಂದೊ. ಕರಿಬೇವಿಗೆ ಪದ ಸಿಗಲಿಲ್ಲ. ನೋಟ್‌ಬುಕ್ಕಿನ ಹಿಂದೆ ಕಡ್ಡಿ, ಅದರ ಎರಡೂ ಕಡೆ ಎಲೆ ಬರೆದು ತೋರಿಸಿದಳು. ಒಗ್ಗರಣೆ ಸಿಡಿಯುವ ಸದ್ದನ್ನು ಬಾಯಲ್ಲೇ ಮಾಡಿದಳು. ಅರ್ಧ ಗಂಟೆ! ನನ್ನ ಕ್ಲಾಸಿನಲ್ಲಿ ಅಷ್ಟು ಮಾತನ್ನು ಅವಳ ಬಾಯಿಂದ ನಾನು ಒಂದು ವರ್ಷದಲ್ಲಿ ಹೊರಡಿಸಿರಲಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿರುವ ಮನೆಯವರು ನನಗೆ ಬೇರೆಯಾಗಿ ಫೋನ್ ಮಾಡಿ. ಅದು ಕಷ್ಟ, ಆದರೆ ಮೊದಲೇ ಗೊತ್ತಿದ್ದರೆ ಏನಾದರೂ ಮಾಡಬಹುದು.

ಊಟದ ಹೊತ್ತು ಬೇರೆ ಅಂತೆ, ಹೌದಾ?

ಹೌದು. ಮಧ್ಯಾಹ್ನದ ಊಟ 2ರಿಂದ 3ರ ಒಳಗೆ, ಅದೇ ದೊಡ್ಡ ಊಟ. ರಾತ್ರಿ ಊಟ 9 ಗಂಟೆಗೆ. ನಡುವೆ ಸಂಜೆ ಮೆರಿಯೆಂದಾ ಅಂತ ನಮ್ಮ ಸಂಜೆ ತಿಂಡಿಯ ಥರ ಒಂದಿದೆ. ಮೇನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಹಾಗಾಗಿ ಮಕ್ಕಳಿಗೆ ಬೇಗ ರೂಢಿಯಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಮನೆಯಲ್ಲಿ ಸದ್ದು ಮಾಡಬಾರದು.

ತಿಂಡಿ ಕಟ್ಟಿಕೊಡಬಹುದಾ?

ಚಟ್ನಿಪುಡಿ, ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಧಾರಾಳವಾಗಿ ಕೊಡಿ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಅದಕ್ಕೆ ತುಪ್ಪ, ಪೇಡ, ಪನೀರ್ ಬೇಡ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ. ಉಪ್ಪಿನಕಾಯಿ ಬಾಟಲಿಯನ್ನು ಬಟ್ಟೆಯ ಮಧ್ಯೆ ಸಿಗಿಸಿ ಕಳಿಸಬೇಡಿ. ಎಣ್ಣೆ ಸೋರಿದರೆ ಎರಡು ವಾರ ಎಲ್ಲ ಬಟ್ಟೆಯೂ ಅದೇ ವಾಸನೆ.

ಮನೆಯವರಿಗೆ ಉಡುಗೊರೆ ಅಂತ ಚನ್ನಪಟ್ಟಣದ ಗೊಂಬೆ ಕೊಡಿ. ಹಗುರ, ಒಡೆಯುವುದಿಲ್ಲ, ಅದರ ಬಗ್ಗೆ ಹೇಳೋಕೆ ಮಗುವಿಗೆ ಮಾತೂ ಇರುತ್ತದೆ: ಮರ, ಅರಗು, ಬಣ್ಣ. ಚಿಕ್ಕಮಗಳೂರಿನ ಕಾಫಿಪುಡಿಯೂ ಒಳ್ಳೆಯದು.

ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಮಾತ್ರ ಇದೆ, ಸರ್‌ನೇಮ್ ಇಲ್ಲ. ಪರವಾಗಿಲ್ವಾ?

ಪರವಾಗಿಲ್ಲ. ಆದರೆ ಎಲ್ಲ ಕಾಗದದಲ್ಲೂ ಒಂದೇ ಥರ ಇರಬೇಕು. ನಮ್ಮ ಕಡೆಯ ಹೆಸರುಗಳ ದೊಡ್ಡ ತಲೆನೋವು ಇದೇ. ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದು ವರ್ಷ ಟಿಕೆಟ್ ಮಾಡಿಸಿದ ಏಜೆಂಟರು ಒಬ್ಬ ಹುಡುಗನ ಊರಿನ ಹೆಸರನ್ನೇ ಸರ್‌ನೇಮ್ ಅಂತ ಹಾಕಿಬಿಟ್ಟಿದ್ದರು. ಹೊರಡೋಕೆ ಎರಡು ದಿನ ಇದೆ ಅನ್ನುವಾಗ ಕಣ್ಣಿಗೆ ಬಿತ್ತು. ಅವರಪ್ಪ ಜಯನಗರದಿಂದ ಎಂ.ಜಿ. ರಸ್ತೆಗೆ ಎಷ್ಟು ಸಲ ಓಡಾಡಿದರೋ. ಕೊನೆಗೆ ಹೊಸ ಟಿಕೆಟ್ಟೇ ಆಯಿತು. ಅವತ್ತಿನಿಂದ ಪ್ರತಿ ಟಿಕೆಟನ್ನೂ ಪಾಸ್‌ಪೋರ್ಟ್ ಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ನಾನೇ ನೋಡುತ್ತೇನೆ. ನೀವೂ ನೋಡಿ. ವಿಮಾನದ ಟಿಕೆಟ್, ವಿಮೆ, ಶಾಲೆಯ ಪತ್ರ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ.

ಜನನ ಪ್ರಮಾಣಪತ್ರವನ್ನೂ ಇವತ್ತೇ ತೆಗೆದು ನೋಡಿ. ಆಸ್ಪತ್ರೆಯಿಂದ ಬಂದ ಕೂಡಲೇ ಮಾಡಿಸಿದ್ದಾದರೆ ಮಗುವಿನ ಹೆಸರಿನ ಜಾಗ ಖಾಲಿ ಇರಬಹುದು. ಹೆಸರು ಸೇರಿಸೋಕೆ ಸಮಯ ಹಿಡಿಯುತ್ತದೆ.

18ರೊಳಗಿನ ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಯುತ್ತದೆ. ಸ್ಪೇನ್‌ನಿಂದ ಹೊರಟ ದಿನದಿಂದ ಇನ್ನೂ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು.

ವೀಸಾ ಹೇಗೆ? ಶುಲ್ಕ ಎಷ್ಟು?

ಬೇಕಾಗಿರುವುದು ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಕೊಡುವ, ಕಿರು ಅವಧಿಯ ವೀಸಾ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತಡ ಅಂದರೂ 15 ದಿನ ಮುಂಚೆ ಹಾಕಲೇಬೇಕು. ಬೇಸಿಗೆ ರಜೆಗೆ ಎಲ್ಲರೂ ಮುಗಿಬೀಳುವುದರಿಂದ ನಾವು ಫೆಬ್ರವರಿಯಲ್ಲೇ ಹಾಕುತ್ತೇವೆ. 12 ವರ್ಷ ದಾಟಿದ ಮಕ್ಕಳು ಬೆರಳಚ್ಚು ಕೊಡಬೇಕು, ಹಾಗಾಗಿ ಮಗು ಖುದ್ದಾಗಿ ಬರಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

12 ವರ್ಷ ಮೇಲ್ಪಟ್ಟವರಿಗೆ ಮಾಮೂಲಿ ವೀಸಾ ಶುಲ್ಕ 90 ಯೂರೊ. ಆದರೆ ಕಲಿಯೋಕೆ ಹೋಗುವ ಶಾಲಾ ಮಕ್ಕಳಿಗೂ ಅವರ ಜೊತೆ ಹೋಗುವ ಶಿಕ್ಷಕರಿಗೂ ಈ ಶುಲ್ಕ ಇಲ್ಲ ಅಂತ ಷೆಂಗೆನ್ ನಿಯಮದಲ್ಲೇ ಇದೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಶಾಲೆಯ ಪತ್ರದಲ್ಲಿ ಭಾಷಾ ಕಲಿಕೆಗೆ ಹೋಗುತ್ತಿದ್ದಾರೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಅರ್ಜಿ ಕೇಂದ್ರದ ಸೇವಾ ಶುಲ್ಕವನ್ನು ಮಾತ್ರ ಕೊಡಲೇಬೇಕು.

ಅಪ್ಪ, ಅಮ್ಮ ಇಬ್ಬರೂ ಸಹಿ ಹಾಕಲೇಬೇಕಾ?

ಹೌದು, ನೋಟರಿ ಮುಂದೆ ಇಬ್ಬರದ್ದೂ ಒಪ್ಪಿಗೆ ಪತ್ರ ಬೇಕು. ಒಬ್ಬರೇ ಮಗುವನ್ನು ಬೆಳೆಸುತ್ತಿದ್ದರೆ ಕೋರ್ಟ್ ಆದೇಶ ಅಥವಾ ಮರಣ ಪ್ರಮಾಣಪತ್ರ ಜೊತೆಗಿಡಬೇಕಾಗುತ್ತದೆ. ಇದನ್ನು ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಕಿಲ್ಲ. ನನಗೊಬ್ಬಳಿಗೆ ಹೇಳಿ, ಸಾಕು. ಇದೊಂದು ಕಾರಣಕ್ಕೆ ಯಾವ ಮಗುವೂ ಹಿಂದೆ ಉಳಿಯಬಾರದು.

ದುಡ್ಡು ಎಷ್ಟು, ಏನೇನು ಸೇರಿದೆ?

ಈ ವರ್ಷದ ಮೊತ್ತ ಸಭೆಯಲ್ಲಿ ಕೊಟ್ಟ ಹಾಳೆಯಲ್ಲಿದೆ. ವಿಮಾನ, ಬಸ್ಸು, ಪಾಠ, ಮನೆ, ಮೂರು ಹೊತ್ತಿನ ಊಟ, ವಿಮೆ, ಸೆಗೋವಿಯಾ ಮತ್ತು ಮ್ಯಾಡ್ರಿಡ್ ಒಂದೊಂದು ದಿನ, ಎಲ್ಲ ಸೇರಿದೆ. ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂ 18ರೊಳಗಿನವರಿಗೆ ಉಚಿತ. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಸೇರುತ್ತದೆ. ರಶೀದಿ ಇಟ್ಟುಕೊಳ್ಳಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಕೈಖರ್ಚಿಗೆ ದಿನಕ್ಕೆ 10 ಯೂರೊ ಸಾಕು. 5, 10ರ ನೋಟುಗಳಲ್ಲಿ ಕೊಡಿ. ಜಾಸ್ತಿ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬರ ಜೇಬು ತುಂಬಿ, ಇನ್ನೊಬ್ಬರದ್ದು ಖಾಲಿ ಇದ್ದರೆ ಮಕ್ಕಳಿಗೆ ಅದು ತುಂಬಾ ಚುಚ್ಚುತ್ತದೆ.

ದಿನಾ ಫೋನ್ ಮಾಡಬಹುದಾ?

ದಿನಕ್ಕೆ ಒಂದು ಸಲ. ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 4 ಅಂದರೆ ಇಲ್ಲಿ 7:30. ಆ ಹೊತ್ತಿಗೆ ಮಕ್ಕಳು ಊಟ ಮುಗಿಸಿ ಸುಮ್ನೆ ಕೂತಿರುತ್ತಾರೆ. ಆಗ ಹತ್ತು ನಿಮಿಷ ಮಾತಾಡಿ. ಉಳಿದ ಹೊತ್ತಿನಲ್ಲಿ ಫೋಟೊಗಳನ್ನು ನಾವೇ ಗುಂಪಿಗೆ ಹಾಕುತ್ತೇವೆ.

ಮೂರನೇ ದಿನ ನಿಮ್ಮ ಮಗು ಫೋನ್‌ನಲ್ಲಿ ಅಳಬಹುದು. ನನ್ನ ಅನುಭವದಲ್ಲಿ ಅದು ಸಾಮಾನ್ಯವಾಗಿ ಮೂರನೇ ದಿನವೇ ಬರುತ್ತದೆ: ಪ್ರಯಾಣದ ಹುರುಪು ಇಳಿದಿರುತ್ತದೆ, ಮಾತು ಇನ್ನೂ ಬಂದಿರುವುದಿಲ್ಲ. ಆಗ "ವಾಪಸ್ ಬಂದುಬಿಡು" ಅನ್ನಬೇಡಿ. "ಇವತ್ತು ಏನು ತಿಂದೆ?" ಅಂತ ಕೇಳಿ. ನಾವು ಅಲ್ಲೇ ಪಕ್ಕದಲ್ಲಿ ಇರುತ್ತೇವೆ.

ಹುಷಾರು ತಪ್ಪಿದರೆ? ಏನಾದರೂ ಕಳೆದುಹೋದರೆ?

ಅಲ್ಲಿಯ ತುರ್ತು ಸಂಖ್ಯೆಯೂ 112, ನಮ್ಮ ದೇಶದ್ದೇ ಸಂಖ್ಯೆ. ಔಷಧಿ ಅಂಗಡಿಗೆ ಹಸಿರು ಪ್ಲಸ್ ಗುರುತು ಇರುತ್ತದೆ. ಮಗು ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯ ಜೊತೆ ಕಳಿಸಿ. ಆಸ್ತಮಾ, ಅಲರ್ಜಿ, ಮೂರ್ಛೆ ಏನೇ ಇದ್ದರೂ ಮುಚ್ಚಿಡಬೇಡಿ. ಅದಕ್ಕೋಸ್ಕರ ನಾವು ಯಾರನ್ನೂ ಬಿಟ್ಟು ಹೋಗುವುದಿಲ್ಲ. ನಲ್ಲಿ ನೀರು ಕುಡಿಯಬಹುದು.

ಪಾಸ್‌ಪೋರ್ಟ್‌ಗಳು ಶಿಕ್ಷಕರ ಹತ್ತಿರ ಇರುತ್ತವೆ, ಮಕ್ಕಳ ಹತ್ತಿರ ನಕಲು ಪ್ರತಿ. ಸಲಮಾಂಕಾ ನೆಮ್ಮದಿಯ ಊರು. ಮ್ಯಾಡ್ರಿಡ್‌ನ ಮೆಟ್ರೋ ಮತ್ತು ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಜೇಬುಗಳ್ಳರ ಕಾಟ ಇದೆ. ಅವತ್ತು ಬ್ಯಾಗು ಬೆನ್ನಿಗಲ್ಲ, ಎದೆಗೆ.

ಚಳಿ ಇರುತ್ತಾ?

ಸಲಮಾಂಕಾ ಸುಮಾರು 800 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಊರಿನ ಹಾಗೆ. ಮೇನಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 7–8ಕ್ಕೆ ಇಳಿಯುತ್ತದೆ. ಒಂದು ಸ್ವೆಟರ್, ಒಂದು ಮಳೆ ಜಾಕೆಟ್, ಪಳಗಿದ ಶೂ. ಹೊಸ ಶೂ ಬೇಡ, ಕಲ್ಲು ಹಾಸಿನ ಬೀದಿಗಳಲ್ಲಿ ಕಾಲು ಬೊಬ್ಬೆ ಏಳುತ್ತದೆ. ಎರಡು ಪಿನ್ನಿನ ದುಂಡು ಚಾರ್ಜರ್ ಸಾಮಾನ್ಯವಾಗಿ ಅಲ್ಲಿ ಹಿಡಿಸುತ್ತದೆ, ಮೂರು ಪಿನ್ನಿನದ್ದಕ್ಕೆ ಅಡಾಪ್ಟರ್ ಬೇಕು.

ಬಂದ ಮೇಲೆ ಯಾವುದಾದರೂ ಪರೀಕ್ಷೆ ಬರೆಸಬೇಕಾ?

ಇಷ್ಟ ಇದ್ದರೆ ಮಾತ್ರ. 11ರಿಂದ 17 ವರ್ಷದವರಿಗೆ ಅಂತಲೇ ಡೆಲೆ ಅನ್ನುವ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಇದೆ. ಅದರ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದು ಅಂತಿಲ್ಲ. ಆದರೆ ಬಂದ ಕೂಡಲೇ ಪರೀಕ್ಷೆಗೆ ಕೂರಿಸಬೇಡಿ. ಆರು ತಿಂಗಳು ಬಿಟ್ಟು ನೋಡೋಣ.

ನಮಗೆ ಈ ಸಲ ಕಳಿಸೋಕೆ ಆಗಲ್ಲ. ಮಗು ಹಿಂದೆ ಬೀಳುತ್ತಾ?

ಖಂಡಿತ ಇಲ್ಲ. ಪ್ರವಾಸಕ್ಕೂ ಅಂಕಕ್ಕೂ ಸಂಬಂಧ ಇಲ್ಲ. ಹೋಗಿ ಬಂದ ಮಕ್ಕಳು ಜೂನ್‌ನಿಂದ ಪ್ರತಿ ಶನಿವಾರ ಒಂದು ಗಂಟೆ ಉಳಿದವರ ಜೊತೆ ಬರೀ ಸ್ಪ್ಯಾನಿಷ್‌ನಲ್ಲಿ ಮಾತಾಡಬೇಕು. ಅವರು ಹೋಗುವ ಮುಂಚೆಯೇ ಒಪ್ಪಿಕೊಳ್ಳುವ ಕೆಲಸ ಅದು. ನಿಮ್ಮ ಮಗುವನ್ನು ಅಲ್ಲಿಗೆ ತಪ್ಪದೆ ಕಳಿಸಿ. ಚಟ್ನಿಪುಡಿಯ ಹುಡುಗಿ ಈಗ ಆ ಗಂಟೆಯನ್ನು ನಡೆಸುತ್ತಾಳೆ.

ಹೊರಡುವ ದಿನ ಎಷ್ಟು ಹೊತ್ತಿಗೆ ಬರಬೇಕು?

ಬೆಂಗಳೂರಿನಿಂದ ಮ್ಯಾಡ್ರಿಡ್‌ಗೆ ನೇರ ವಿಮಾನ ಇಲ್ಲ, ದಾರಿಯಲ್ಲಿ ಒಂದು ಕಡೆ ಬದಲಾಯಿಸಬೇಕು. ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಹತ್ತಿರ ಇರಿ. ಹೆಬ್ಬಾಳದ ಟ್ರಾಫಿಕ್ಕಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಒಪ್ಪಿಗೆ ಪತ್ರದ ಮೂಲ ಪ್ರತಿ ನಿಮ್ಮ ಕೈಯಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಬೀಳ್ಕೊಡೋಕೆ ಅಜ್ಜಿ, ತಾತ ಎಲ್ಲರೂ ಬರಲಿ. ಬಾಗಿಲ ಹತ್ತಿರ ನಾನು ಹಾಜರಿ ಕೂಗುವಾಗ ಮಕ್ಕಳು "ಪ್ರೆಸೆಂತೆ" ಅನ್ನಬೇಕು. ಅವತ್ತಿನ ಮೊದಲ ಸ್ಪ್ಯಾನಿಷ್ ಪದ ಅದೇ.